ಕೈ ಹಿಡಿದರೆ ತುಂಬುವ ಕೆರೆ

ನಾನು ಹಾಸನದ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವಳು. ಮಗು ಶಾಲೆಗೆ ಬಂತು, ಮಗು ಬಸ್ಸು ಹತ್ತಿತು ಎಂದು ಅಪ್ಪ ಅಮ್ಮಂದಿರ ಫೋನಿಗೆ ಮೆಸೇಜು ಹೋಗುತ್ತದಲ್ಲ, ಅಂಥವು ನಮ್ಮ ಕೆಲಸ. ಅದರಲ್ಲಿ ಕಲೆ ಎನ್ನುವಂಥದ್ದೇನೂ ಇಲ್ಲ. ಕಲೆ ಅಕ್ಕನದು. ಅವಳು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಹಳ್ಳಿಮೈಸೂರಿನ ಕಡೆಯ ನಮ್ಮೂರಿನಿಂದ ಕರೆತಂದು ತನ್ನ ಜೊತೆಯಲ್ಲೇ ಇಟ್ಟುಕೊಂಡಿದ್ದಾಳೆ. ಅಪ್ಪ ಆಯಸ್ಸೆಲ್ಲಾ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆದು, ಟಾರು ಹಾಕಿ ನಮ್ಮಿಬ್ಬರನ್ನು ಓದಿಸಿದ. ಅವರ ಮನೆಯ ನಡುಕೋಣೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಅಮ್ಮನ ಪಟ.

ಒಂದು ಭಾನುವಾರ ಬೆಳಗ್ಗೆ ಅಕ್ಕ ಹಾಸನದ ನನ್ನ ಬಾಡಿಗೆ ಮನೆಗೆ ಬಂದಳು. ಹಳೇ ದುಪ್ಪಟಿಯಲ್ಲಿ ಸುತ್ತಿದ ದೊಡ್ಡ ಕಟ್ಟೊಂದನ್ನು ಬಿಚ್ಚಿ ಹಾಸಿದಳು. ಇದ್ದಿಲಿನಲ್ಲಿ ಬರೆದ ಚಿತ್ರಗಳು. ಎಲ್ಲವೂ ಒಂದೇ ಕೆರೆ, ನಮ್ಮೂರಿನದು. ಮೊದಲ ಹಾಳೆಯಲ್ಲಿ ಬಿರುಕು ಬಿಟ್ಟ ತಳ. ಆಮೇಲೆ ಹಾಳೆಯಿಂದ ಹಾಳೆಗೆ ನೀರು ಒಂದೊಂದು ಬೆರಳಿನಷ್ಟು ಏರುತ್ತಾ ಹೋಗಿ, ಕೊನೆಗೆ ಕೋಡಿ ಬೀಳುವಷ್ಟು ತುಂಬಿ ನಿಂತಿತ್ತು. ಆ ಕೆರೆಗೆ ಎರಡು ಕಡೆ ಮೆಟ್ಟಿಲುಗಳಿದ್ದವು. ಊರವರು ಇಳಿಯುತ್ತಿದ್ದದ್ದು ಒಂದು ಕಡೆ, ನಾವು ಇಳಿಯುತ್ತಿದ್ದದ್ದು ಇನ್ನೊಂದು ಕಡೆ. ಎರಡನ್ನೂ ಅಕ್ಕ ಬರೆದಿದ್ದಳು. ನೀರು ಮೇಲಕ್ಕೆ ಬಂದಂತೆ ಎರಡೂ ಕಡೆಯ ಮೆಟ್ಟಿಲು ಮುಳುಗಿ, ತುಂಬಿದ ಕೆರೆಯಲ್ಲಿ ಯಾವುದು ಯಾರ ಕಡೆ ಎಂದು ಹೇಳಲು ಬರುತ್ತಿರಲಿಲ್ಲ.

"ಇದು ಗೋಡೆ ಮೇಲೆ ತುಂಬ್ಬೇಕು ಕಣೆ," ಅಂದಳು. "ಸುಮ್ನೆ ಸಿನಿಮಾ ತರ ತುಂಬೋದಲ್ಲ. ಗುರುತಿಲ್ಲದ ಇಬ್ರು ಬಂದು ಕೈ ಕೈ ಹಿಡ್ಕಂಡು ನಿಂತ್ರೆ ತುಂಬ್ಬೇಕು. ಬಿಟ್ರೆ ಇಳೀಬೇಕು. ನಿನ್ನ ಕಂಪ್ಯೂಟರಿಗೆ ಅದು ಗೊತ್ತಾಗುತ್ತಾ?"

ಗೊತ್ತಾಗುವಂತೆ ಮಾಡಬಹುದು ಅಂದೆ. ಅದೇನು ದೊಡ್ಡ ವಿದ್ಯೆಯಲ್ಲ. ಗೋಡೆಯ ಎಡಕ್ಕೊಂದು, ಬಲಕ್ಕೊಂದು ಹಿತ್ತಾಳೆ ತಟ್ಟೆ. ಎಡಗಡೆ ನಿಂತವರು ಒಂದು ಅಂಗೈಯನ್ನು ತಮ್ಮ ತಟ್ಟೆಯ ಮೇಲಿಡಬೇಕು, ಬಲಗಡೆಯವರು ತಮ್ಮ ತಟ್ಟೆಯ ಮೇಲೆ. ಉಳಿದ ಕೈಗಳನ್ನು ಇಬ್ಬರೂ ಹಿಡಿದುಕೊಂಡರೆ, ಟಾರ್ಚಿನ ಸೆಲ್ಲಿಗಿಂತ ಕಡಿಮೆ ಕರೆಂಟು, ಮೈಗೆ ತಿಳಿಯದಷ್ಟು, ಒಬ್ಬರಿಂದ ಇನ್ನೊಬ್ಬರಿಗೆ ಹಾದು ಸುತ್ತು ಪೂರ್ತಿಯಾಗುತ್ತದೆ. ಎಷ್ಟು ಹಾಯುತ್ತಿದೆ ಎಂಬುದು ಒಂದು ಅಂಕಿಯಾಗಿ ಲ್ಯಾಪ್‌ಟಾಪಿಗೆ ಬರುತ್ತದೆ. ಅಂಕಿ ಒಂದು ಮಿತಿಯನ್ನು ದಾಟಿದರೆ ಕೈ ಸೇರಿದೆ ಎಂದು ಲೆಕ್ಕ, ದಾಟದಿದ್ದರೆ ಇಲ್ಲ. ಮಿಕ್ಕಿದ್ದೆಲ್ಲ ಅಕ್ಕನ ಹಾಳೆಗಳನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಡುವ ಕೆಲಸ.

ಹೇಳುವಾಗ ಇಷ್ಟೇ. ಮಾಡುವಾಗ ಪ್ರತಿ ಸಾಲಿಗೂ ಜಗಳವಾಯಿತು. ಮೊದಲು ನಾನು ಕೆರೆಯನ್ನು ಬೇಗ ತುಂಬಿಸಿದ್ದೆ. ಜನ ಕಾಯುವುದಿಲ್ಲ, ಬೇಸರವಾಗಿ ಹೋಗಿಬಿಡುತ್ತಾರೆ ಎಂದು ನನ್ನ ಕೆಲಸದ ಅಭ್ಯಾಸ ಹೇಳುತ್ತಿತ್ತು. ಅಕ್ಕ ನೋಡಿ, "ಬೇಗ ತುಂಬೋದು ಟ್ಯಾಂಕು ಕಣೆ, ಕೆರೆ ಅಲ್ಲ," ಅಂದಳು. ನಿಧಾನ ಮಾಡಿದೆ. ಇನ್ನೂ ನಿಧಾನ ಅಂದಳು. ಹಿಡಿದ ಕೈ ಬೆವರಬೇಕು, ಇಬ್ಬರಿಗೂ ಎಲ್ಲಿ ನೋಡುವುದೆಂದು ಗೊತ್ತಾಗದೆ ಮುಜುಗರವಾಗಬೇಕು, ಆ ಮುಜುಗರ ಕಳೆದ ಮೇಲೆ ಕೆರೆ ತುಂಬಬೇಕು ಎನ್ನುವುದು ಅವಳ ಲೆಕ್ಕ. ಆಮೇಲೆ ಇನ್ನೊಂದು ತೊಡಕು. ಹಿಡಿತ ಸರಿಮಾಡಿಕೊಳ್ಳುವಾಗ ಬೆರಳು ಕ್ಷಣಕಾಲ ಸಡಿಲವಾಗುತ್ತದೆ. ಅಷ್ಟಕ್ಕೇ ಕಂಪ್ಯೂಟರು ಕೈಬಿಟ್ಟರು ಎಂದು ತಿಳಿದು ನೀರು ಇಳಿಸಿಬಿಡುತ್ತಿತ್ತು. ಕೈ ಬಿಟ್ಟದ್ದಕ್ಕೂ ಹಿಡಿತ ಬದಲಿಸಿದ್ದಕ್ಕೂ ಎಷ್ಟು ಹೊತ್ತಿನ ವ್ಯತ್ಯಾಸ ಎಂದು ನಾನೂ ಅವಳೂ ಅಡುಗೆಮನೆಯ ಬಾಗಿಲಲ್ಲಿ ಕೈ ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದೆವು. ಕೊನೆಗೆ ಅವಳೇ, "ಒಂದು ಉಸಿರಿನಷ್ಟು ಕಾಯಿ, ಆಮೇಲೆ ಇಳಿಸು," ಎಂದು ತೀರ್ಮಾನ ಕೊಟ್ಟಳು. ಅವಳು ಇದ್ದಿಲಿನಲ್ಲಿ ಎಳೆದ ಗೆರೆಗಳಷ್ಟೇ ನಾನು ಬರೆದ ಆ ಸಾಲುಗಳೂ ಚಿತ್ರವೇ ಎಂದು ನನಗೆ ಅನ್ನಿಸಿದ್ದು ಆಗ. ಕೆಲಸಕ್ಕೆ ಸೇರಿದ ಮೇಲೆ ಅಂಥ ಸಂತೋಷ ನನಗೆ ಬೇರೆ ಸಿಕ್ಕಿರಲಿಲ್ಲ.

ಹೊಳೆನರಸೀಪುರದ ಮನೆಯಲ್ಲಿ ಅಪ್ಪನಿಗೆ ತೋರಿಸಿದೆವು. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಒಂದು ತಟ್ಟೆಯ ಮೇಲೆ ಅಂಗೈ ಇಟ್ಟ. ಅಕ್ಕ ಇನ್ನೊಂದು ತಟ್ಟೆಯ ಮೇಲೆ ಇಟ್ಟು ಅಪ್ಪನ ಕೈ ಹಿಡಿದಳು. ಗೋಡೆಯ ಮೇಲೆ ಒಣ ಕೆರೆ ಒಣಗಿಯೇ ಇತ್ತು.

"ಗಟ್ಟಿಯಾಗಿ ಒತ್ತಪ್ಪ," ಅಂದೆ.

ಅಪ್ಪ ಒತ್ತಿದ. ಏನೂ ಆಗಲಿಲ್ಲ. ತಂತಿ ಸಡಿಲವಾಗಿದೆಯೇನೋ ಎಂದು ನೋಡಿದೆ, ಸರಿಯಾಗಿತ್ತು. ಲ್ಯಾಪ್‌ಟಾಪಿನಲ್ಲಿ ಅಂಕಿ ನೋಡಿದಾಗ ಗೊತ್ತಾಯಿತು. ಮಿತಿಯನ್ನು ನಾನು ಗೊತ್ತುಮಾಡಿದ್ದು ನನ್ನ, ಅಕ್ಕನ, ಆಫೀಸಿನ ಗೆಳತಿಯರ ಕೈಗಳಿಂದ. ಕೀಬೋರ್ಡು, ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿಯದ ಮೆತ್ತನೆಯ ಕೈಗಳು. ಅಪ್ಪನ ಅಂಗೈ ಜಡ್ಡುಗಟ್ಟಿ ಒಣಗಿ ಚಪ್ಪಲಿಯ ಅಟ್ಟೆಯ ಹಾಗಿತ್ತು. ಅದರ ಮೂಲಕ ಹಾಯುವ ಕರೆಂಟು ನನ್ನ ಮಿತಿಯನ್ನು ಮುಟ್ಟುತ್ತಲೇ ಇರಲಿಲ್ಲ. ಕಂಪ್ಯೂಟರಿನ ಪಾಲಿಗೆ ಅಲ್ಲಿ ಅಪ್ಪ ಇರಲೇ ಇಲ್ಲ.

"ಓಗ್ಲಿ ಬುಡವ್ವ," ಅಂದ ಅಪ್ಪ. "ನನ್ ಕೈಯ್ಯೇ ಅಂಗೆ. ನೀವ್ ಇಬ್ರೂ ಇಡ್ಕಳಿ, ನಾನ್ ನೋಡ್ತೀನಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಅಲ್ಲೇ ಕೂತು ಮಿತಿಯನ್ನು ಇಳಿಸುತ್ತಾ ಹೋದೆ. ಅಪ್ಪ ಕೈ ಇಟ್ಟುಕೊಂಡೇ ನಿಂತಿದ್ದ. ಕೊನೆಗೊಮ್ಮೆ ಕೆರೆಯ ತಳದ ಬಿರುಕಿನಲ್ಲಿ ನೀರು ಕಾಣಿಸಿತು. ತುಂಬುವವರೆಗೂ ಅಪ್ಪ ಕದಲಲಿಲ್ಲ. ತುಂಬಿದ ಮೇಲೆ, "ಆ ವರ್ಸ ಇಂಗೇ ಬಂದಿತ್ತು ನೋಡು," ಎಂದಷ್ಟೇ ಅಂದ. ಯಾವ ವರ್ಷ ಎಂದು ನಾವು ಕೇಳಲಿಲ್ಲ.

ಮೊದಲು ಹಾಸನದಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಒಂದು ಪ್ರದರ್ಶನದಲ್ಲಿ ಇಟ್ಟೆವು. ಆಮೇಲೆ ಅರಕಲಗೂಡಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಅಕ್ಕ ಎರಡು ಸಾಲು ಮಾಡಿಸುತ್ತಿದ್ದಳು, ಎಡಕ್ಕೊಂದು, ಬಲಕ್ಕೊಂದು. ನಿಮ್ಮ ಎದುರು ಯಾರು ಬರುತ್ತಾರೋ ಅವರ ಕೈ ನೀವು ಹಿಡಿಯಬೇಕು, ಆರಿಸಿಕೊಳ್ಳುವ ಹಾಗಿಲ್ಲ. ಅರಕಲಗೂಡಿನ ಹುಡುಗಿಯರು ನಕ್ಕು ನಕ್ಕು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಒಂದಿಡೀ ತರಗತಿ ಸರಪಳಿಯ ಹಾಗೆ ಕೈ ಹಿಡಿದು ಆ ತಟ್ಟೆಯಿಂದ ಈ ತಟ್ಟೆಯವರೆಗೆ ನಿಂತಿತು. ರುದ್ರಪಟ್ಟಣದಿಂದ ಬರುತ್ತಿದ್ದ ಸಂಗೀತದ ಮೇಡಂ ನೋಡಿ ತುಂಬಾ ಮೆಚ್ಚಿ, "ಹಿಂದೆ ಒಂದು ತಂಬೂರಿ ಶ್ರುತಿ ಸೇರಿಸಿ, ಎಷ್ಟು ಚೆನ್ನಾಗಿರುತ್ತೆ," ಅಂದರು. ಅಕ್ಕ ನಯವಾಗಿ ಬೇಡ ಅಂದಳು. ಬಸ್ಸಿನಲ್ಲಿ ನನಗೆ, "ಸದ್ದು ಬಂದ್ರೆ ಜನ ಸದ್ದು ಕೇಳ್ತಾರೆ. ಕೈಯಲ್ಲಿರೋ ಕೈ ಮರ್ತೋಗುತ್ತೆ," ಅಂದಳು. ಅವತ್ತು ಅವಳ ಮುಖ ಎಷ್ಟು ಹಗುರಾಗಿತ್ತೆಂದರೆ, ಅದೇ ಮುಖವನ್ನು ನಾನು ಈಗಲೂ ನೆನಪಿಸಿಕೊಳ್ಳಲು ನೋಡುತ್ತೇನೆ.

ಆಮೇಲೆ ಚನ್ನರಾಯಪಟ್ಟಣದಿಂದ ಕರೆ ಬಂತು. ಅಲ್ಲಿನ ಒಂದು ಸಾಂಸ್ಕೃತಿಕ ಸಂಘದವರು ಕಲ್ಯಾಣ ಮಂಟಪವೊಂದರಲ್ಲಿ ಕೆಲವು ದಿನಗಳ ಕಲಾಮೇಳ ಇಟ್ಟುಕೊಂಡಿದ್ದರು. ಶ್ರವಣಬೆಳಗೊಳಕ್ಕೆ ಹೋಗಿಬರುವವರೂ ಬಂದು ನೋಡುತ್ತಾರೆ, ಒಳ್ಳೇ ಜನ ಸೇರುತ್ತಾರೆ ಎಂದರು ಕಾರ್ಯದರ್ಶಿ. ಬಿಳಿ ಶರ್ಟಿನ, ಮೆತ್ತಗೆ ಮಾತಾಡುವ ಮನುಷ್ಯ. ಅಪ್ಪನೂ ಬರುತ್ತೇನೆ ಎಂದು ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ಅಕ್ಕನ ಜೊತೆ ಬಸ್ಸಿಳಿದ.

ಬೆಳಗ್ಗೆ ಬಂದವರು ಗಂಡಹೆಂಡಿರು, ಗೆಳೆಯರು. ಚೆನ್ನಾಗಿಯೇ ನಡೆಯಿತು. ಸಂಜೆ ಜನ ಹೆಚ್ಚಾಗಿ ಗುರುತಿಲ್ಲದವರು ಎದುರುಬದುರಾಗತೊಡಗಿದಾಗ ಲ್ಯಾಪ್‌ಟಾಪು ಇಟ್ಟುಕೊಂಡು ಒಂದು ಪರದೆಯ ಹಿಂದೆ ಕೂತಿದ್ದ ನಾನು ಅಲ್ಲಿಂದ ಒಂದು ವಿಷಯ ಗಮನಿಸಿದೆ. ಸಾಲಿನಲ್ಲಿ ನಿಂತವರು ಗೋಡೆ ನೋಡುತ್ತಿರಲಿಲ್ಲ. ಆಚೆ ಸಾಲನ್ನು ನೋಡುತ್ತಿದ್ದರು. ತಮ್ಮ ಸರದಿಗೆ ಯಾರು ಬರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದರು. ಲೆಕ್ಕ ಒಪ್ಪದಿದ್ದರೆ ಒಬ್ಬರು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗುವರು, ಇನ್ನೊಬ್ಬರು ಫೋನು ಬಂತೆಂದು ಪಕ್ಕಕ್ಕೆ ಸರಿದು ಹಿಂದಿನವರನ್ನು ಮುಂದೆ ಬಿಡುವರು. ಹೆಂಗಸರು ಗಂಡಸರ ಸಂಕೋಚವೂ ಇತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಗಂಡಸರು ಗಂಡಸರನ್ನೂ ಹಾಗೇ ಅಳೆಯುತ್ತಿದ್ದರು. ಅಂಗಿ, ಕೈ, ಕಾಲು, ನಿಲ್ಲುವ ರೀತಿ.

ಅಪ್ಪ ಬಲಗಡೆಯ ಸಾಲಿನಲ್ಲಿ ನಿಂತಿದ್ದನ್ನು ನಾನು ನೋಡಿರಲಿಲ್ಲ. ಅವನ ಸರದಿ ಬಂದಾಗ ಎಡಗಡೆ ಜರಿಯಂಚಿನ ಪಂಚೆ ಉಟ್ಟ ಹಿರಿಯರೊಬ್ಬರು ತಟ್ಟೆಯ ಮೇಲೆ ಕೈ ಇಟ್ಟರು. ಮುಖದಲ್ಲಿ ನಗುವಿತ್ತು. ಅಪ್ಪನೂ ತನ್ನ ತಟ್ಟೆಯ ಮೇಲೆ ಅಂಗೈ ಇಟ್ಟು ಇನ್ನೊಂದು ಕೈ ಚಾಚಿದ.

"ಯಾವೂರಾಯ್ತು ಯಜಮಾನ್ರದು?" ಹಿರಿಯರು ವಿಶ್ವಾಸದಿಂದಲೇ ಕೇಳಿದರು.

"ಅಳ್ಳಿಮೈಸೂರ್ ಕಡೆ, ಬುದ್ದಿ," ಅಂದ ಅಪ್ಪ.

ಬುದ್ದಿ ಎಂದು ನಮ್ಮ ಕಡೆ ಯಾವ ಕೇರಿಯವರು ಯಾವ ಕೇರಿಯವರನ್ನು ಕರೆಯುತ್ತಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಆ ಮಾತನ್ನು ಆಡಬೇಡ ಎಂದು ಅಕ್ಕ ಅಪ್ಪನಿಗೆ ವರ್ಷಗಳಿಂದ ಹೇಳುತ್ತಾ ಬಂದಿದ್ದಳು. ಅದು ಅವನ ನಾಲಿಗೆಯಲ್ಲಿ ಉಸಿರಿನಷ್ಟೇ ಸಲೀಸಾಗಿ ಬರುತ್ತಿತ್ತು. ಹಿರಿಯರ ನಗು ಹೋಗಲಿಲ್ಲ. ತಟ್ಟೆಯಿಂದ ಕೈ ಮಾತ್ರ ಹೋಯಿತು. "ನಂಗೆ ಶುಗರ್ರು, ಜಾಸ್ತಿ ಹೊತ್ತು ನಿಂತ್ಕೊಳಕ್ಕಾಗಲ್ಲ," ಎಂದು ಯಾರಿಗೆ ಎಂದಿಲ್ಲದೆ ಹೇಳಿ ಸಾಲಿನಿಂದ ಹೊರಗೆ ನಡೆದರು. ಅವರ ಹಿಂದಿದ್ದವನು ಫೋನಿನಲ್ಲಿ ತಲೆ ಹುದುಗಿಸಿದ. ಅವನ ಹಿಂದಿದ್ದವರು ಸುಮ್ಮನೆ ನಿಂತರು. ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತನ್ನಿಂದ ಆಟ ನಿಂತುಹೋದರೆ ಎಂಬ ಗಾಬರಿಯಿಂದಲೋ ಏನೋ, ಹಾಗೇ ಹಿಡಿದುಕೊಂಡು ನಿಂತಿದ್ದ.

ಅಕ್ಕ ಎಲ್ಲಿಂದಲೋ ಬಂದು ಎಡಗಡೆಯ ತಟ್ಟೆಯ ಮೇಲೆ ಕೈಯಿಟ್ಟು ಅಪ್ಪನ ಕೈ ಹಿಡಿದಳು. ಕೆರೆ ತುಂಬುವವರೆಗೆ ಇಬ್ಬರೂ ನಿಂತರು. ಅದು ಎಷ್ಟು ನಿಧಾನ ಎಂದು ನನಗೆ ಅವತ್ತು ಗೊತ್ತಾಯಿತು.

ಮಂಟಪ ಖಾಲಿಯಾದ ಮೇಲೆ ಕಾರ್ಯದರ್ಶಿಗಳು ಬಂದರು. "ಒಂದ್ ಸಣ್ಣ ಪ್ರಾಬ್ಲಮ್ ಆಗ್ತಿದೆ ಮೇಡಂ. ಐಡಿಯಾ ಬಹಳ ಚೆನ್ನಾಗಿದೆ, ಆದ್ರೆ ಜನಕ್ಕೆ ಮುಜುಗರ. ಹೆಣ್ಮಕ್ಕಳಿರ್ತಾರೆ, ಶೀತ ಕೆಮ್ಮು ಇರೋರಿರ್ತಾರೆ. ಇಬ್ರೂ ಅವರವರ ತಟ್ಟೆ ಮುಟ್ಟಿದ್ರೆ ಸಾಕು ಅನ್ನೋ ಹಾಗೆ ನಿಮ್ಮ ಸಾಫ್ಟ್‌ವೇರಲ್ಲಿ ಮಾಡೋಕಾಗಲ್ವಾ?"

"ಆಗಲ್ಲ ಸರ್," ಅಂದೆ. "ಕೈ ಹಿಡಿಯೋದೇ ಅದರ ಕೆಲಸ."

"ಅರ್ಥ ಆಯ್ತು, ಅರ್ಥ ಆಯ್ತು," ಎಂದು ನಕ್ಕು ಹೋದರು. ಜಾತಿಯ ಮಾತನ್ನು ಅವರು ಆಡಲಿಲ್ಲ. ಅಲ್ಲಿ ಯಾರೂ ಆಡಲಿಲ್ಲ. ಆಡಿದ್ದರೆ ನಾವೂ ಏನಾದರೂ ಉತ್ತರ ಕೊಡಬಹುದಿತ್ತು.

ಮರುದಿನ ನಾವು ಬರುವಷ್ಟರಲ್ಲಿ ಎರಡು ತಟ್ಟೆಗಳ ನಡುವೆ, ಎದೆಯ ಎತ್ತರಕ್ಕೆ, ಒಂದು ಸ್ಟೀಲಿನ ಪೈಪು ತೂಗುತ್ತಿತ್ತು. ಮದುವೆ ಹೆಣ್ಣಿನ ಕೋಣೆಯ ಪರದೆ ಬಿಚ್ಚಿ, ಅದರ ಪೈಪನ್ನು ಎರಡು ಹಗ್ಗದಲ್ಲಿ ಮೇಲಿಂದ ಇಳಿಬಿಟ್ಟಿದ್ದರು. ಸಂಘದ ಎಲೆಕ್ಟ್ರಿಶಿಯನ್ನಿಗೆ ಅದು ಒಂದೇ ನೋಟಕ್ಕೆ ಹೊಳೆದಿರಬೇಕು. ಎಡಗಡೆಯವರು ಪೈಪಿನ ಈ ತುದಿ ಹಿಡಿದರೆ, ಬಲಗಡೆಯವರು ಆ ತುದಿ. ಕರೆಂಟು ಪೈಪಿನಲ್ಲಿ ಹಾಯುತ್ತದೆ. ಕೆರೆ ತುಂಬುತ್ತದೆ.

ಜನ ಬಂದರು. ಹಿಂದಿನ ದಿನಕ್ಕಿಂತ ಹೆಚ್ಚು ಬಂದರು. ಈಗ ಯಾರೂ ಆಚೆ ಸಾಲನ್ನು ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದರು, ಬೆರಳ ತುದಿಯಲ್ಲಿ ಪೈಪು ಹಿಡಿದು, ಇನ್ನೊಬ್ಬರ ಕೈಯಲ್ಲಿ ಫೋನು ಕೊಟ್ಟು ವಿಡಿಯೋ ಮಾಡಿಸಿಕೊಳ್ಳುತ್ತಿದ್ದರು. ಪಂಚೆಯ ಹಿರಿಯರೂ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಒಂದು ಕೆರೆ ತುಂಬಿಸಿ ಚಪ್ಪಾಳೆ ತಟ್ಟಿದರು.

ನಾನು ಪರದೆಯ ಹಿಂದೆ ಕೂತು ಅಂಕಿಗಳನ್ನೇ ನೋಡಿದೆ. ಪೈಪು ಬಿಚ್ಚಿ ಹಾಕಿದರೆ ಸಂಘದವರು ಮತ್ತೆ ಕಟ್ಟುತ್ತಿದ್ದರು. ಪೈಪನ್ನೂ ಕೈಯನ್ನೂ ಬೇರೆ ಮಾಡಿ ಗುರುತಿಸಬೇಕು, ಪೈಪು ಎಂದಾದರೆ ನೀರು ಬಿಡಬಾರದು, ಅಷ್ಟೇ ನನಗೆ ಬೇಕಿದ್ದದ್ದು. ಅದು ನನ್ನ ಓದು, ನನ್ನ ಕಸುಬು. ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ದಾರಿ ಹುಡುಕಿದೆ. ಬೆರಳ ತುದಿಯಲ್ಲಿ ಪೈಪು ಹಿಡಿದವರ ಅಂಕಿ ಕಡಿಮೆ ಬರುತ್ತಿತ್ತು, ಪೂರ್ತಿ ಅಂಗೈ ಸೇರಿಸಿ ಕೈ ಹಿಡಿದವರದ್ದು ಹೆಚ್ಚು. ಮಿತಿಯನ್ನು ಮೇಲಕ್ಕೆ ಎತ್ತಿದರೆ ಪೈಪಿನವರು ಬಹುಪಾಲು ಹೊರಗಾಗುತ್ತಿದ್ದರು. ಆದರೆ ಆ ಕೆಳಗಿನ ಅಂಕಿಗಳ ಜಾಗ ನನಗೆ ಗುರುತಿನದು. ಅಪ್ಪನ ಕೈಗೆಂದು ನಾನೇ ತೆರೆದಿಟ್ಟ ಜಾಗ ಅದು. ಗಾರೆ ಕೆಲಸದವರು, ಹೊಲದ ಕೆಲಸದವರು ಕೈ ಹಿಡಿದರೂ ಅಂಕಿ ಅಲ್ಲೇ ಬಂದು ಕೂರುತ್ತಿತ್ತು. ಮುಟ್ಟಲು ಒಲ್ಲದ ಬೆರಳಿಗೂ ದುಡಿದು ಜಡ್ಡುಗಟ್ಟಿದ ಅಂಗೈಗೂ ನನ್ನ ಲ್ಯಾಪ್‌ಟಾಪಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಅಕ್ಕ ಹಿಂದೆ ಬಂದು ನಿಂತಳು. "ಪೈಪ್ ಹಿಡಿದೋರಿಗೆ ತುಂಬ್ದೇ ಇರೋ ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ," ಅಂದೆ. "ಆದ್ರೆ ಅಪ್ಪಂಗೂ ತುಂಬಲ್ಲ."

ಅವಳು ಬಗ್ಗಿ ಲ್ಯಾಪ್‌ಟಾಪಿನ ಅಂಕಿಗಳನ್ನು ನೋಡಿದಳು.

"ಹಂಗಿದ್ರೆ ಆಫ್ ಮಾಡ್ಬಿಡೋಣ ಅಕ್ಕ," ಅಂದೆ. "ಪ್ರೊಜೆಕ್ಟರ್ ಕೆಟ್ಟೋಯ್ತು ಅಂತ ಹೇಳಿದ್ರಾಯ್ತು. ಈಗ್ಲೇ ಗಂಟು ಕಟ್ಕೊಂಡು ಹೋಗೋಣ."

ಅವಳು ಪರದೆ ಸರಿಸಿ ಹೊರಗೆ ತೋರಿಸಿದಳು. ಪೈಪಿನ ಪಕ್ಕ ಅಪ್ಪ ನಿಂತಿದ್ದ. ಹೊಸದಾಗಿ ಬಂದವರಿಗೆ ಎಲ್ಲಿ ಅಂಗೈ ಇಡಬೇಕು, ಎಲ್ಲಿ ಹಿಡಿಯಬೇಕು ಎಂದು ಹೇಳಿಕೊಡುತ್ತಿದ್ದ. "ಇಲ್ಲಿ ಇಡ್ಕಳಿ ಬುದ್ದಿ... ಬುಡಬ್ಯಾಡಿ, ಬುಡಬ್ಯಾಡಿ, ತುಂಬೋಗಂಟ ಇಡ್ಕಂಡಿರಿ." ಜನ ಅವನು ಹೇಳಿದ ಹಾಗೆ ಕೇಳುತ್ತಿದ್ದರು. ಯಾರೋ ಒಬ್ಬ, "ಬನ್ನಿ ಯಜಮಾನ್ರೇ, ನೀವೂ ಒಂದು ಹಿಡೀರಿ," ಎಂದು ಆ ತುದಿಯಿಂದ ಕರೆದ. ಅಪ್ಪ ಅಂಗಿಗೆ ಕೈ ಒರೆಸಿಕೊಂಡು ಈ ತುದಿ ಹಿಡಿದ. ನೀರು ಏರಿತು. ಎರಡೂ ಕಡೆಯ ಮೆಟ್ಟಿಲು ಮುಳುಗಿದವು. ಅಪ್ಪ ನಮ್ಮ ಕಡೆ ತಿರುಗಿ, "ತುಂಬ್ತು ನೋಡವ್ವ!" ಎಂದು ಕೂಗಿದ. ಅವನು ಅಷ್ಟು ಜನರ ನಡುವೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅಕ್ಕ ಪರದೆ ಬಿಟ್ಟಳು. "ಬಿಡು," ಅಂದಳು. ಮೇಳ ಮುಗಿಯುವವರೆಗೆ ಅದು ಹಾಗೇ ನಡೆಯಿತು.

ಆಮೇಲೆ ಪತ್ರಿಕೆಯಲ್ಲಿ ಫೋಟೋ ಬಂತು. ಪೈಪು ಹಿಡಿದ ಇಬ್ಬರು, ಹಿಂದೆ ತುಂಬಿದ ಕೆರೆ, ಜನರನ್ನು ಬೆಸೆಯುವ ಕಲೆ ಎಂದು ಮೇಲೊಂದು ಸಾಲು. ಮೂಲೆಯಲ್ಲಿ ಅಪ್ಪ ಅರ್ಧ ಕಾಣುತ್ತಾನೆ. ಅಪ್ಪ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ನಡುಕೋಣೆಯ ಗೋಡೆಗೆ ತೂಗುಹಾಕಿದ. ಅಕ್ಕ ದಿನವೂ ಅದರ ಕೆಳಗೆ ಕೂತು ಊಟ ಮಾಡಬೇಕು. ತೆಗಿ ಎನ್ನಲು ಅವಳಿಗೆ ಆಗಲಿಲ್ಲ, ಯಾಕೆ ಎಂದು ವಿವರಿಸಲೂ ಆಗಲಿಲ್ಲ. ವಿಡಿಯೋ ಊರೂರು ಸುತ್ತಿತು. ಹಾಸನದಲ್ಲಿ ಮದುವೆ ಅಲಂಕಾರ ಮಾಡುವವರೊಬ್ಬರು ಫೋನು ಮಾಡಿ, ಪೈಪಿನ ಸಮೇತ ಬೇಕು, ಪೈಪಿಗೆ ಹೂ ಸುತ್ತೋಣ ಅಂದರು. ಅಕ್ಕ ಇಲ್ಲ ಅಂದಳು. ಇನ್ನೂ ಕೆಲವರು ಕೇಳಿದರು, ಅವರಿಗೂ ಇಲ್ಲ ಅಂದಳು. ಒಂದು ದಿನ ಹಾಸನದ ಮೊಬೈಲ್ ಅಂಗಡಿಯೊಂದರ ಉದ್ಘಾಟನೆಯಲ್ಲಿ ಅಂಥದ್ದೇ ಗೋಡೆ ನೋಡಿದೆ. ಯಾರೋ ತಾವೇ ಸಾಫ್ಟ್‌ವೇರ್ ಬರೆದುಕೊಂಡಿದ್ದರು. ಕೆರೆಯ ಬದಲು ಒಂದು ಜಲಪಾತ, ಜೋರು ಹಾಡು. ತಟ್ಟೆ ಒಂದೇ. ಒಬ್ಬರೇ ಮುಟ್ಟಿದರೂ ಸುರಿಯುತ್ತಿತ್ತು. ನಾನು ಅಕ್ಕನಿಗೆ ಹೇಳಲಿಲ್ಲ.

ಅವಳು ಚಿತ್ರ ಬರೆಯುವುದನ್ನು ನಿಲ್ಲಿಸಿ ಈಗ ಬಹಳ ಕಾಲವಾಯಿತು. ಶಾಲೆಯಲ್ಲಿ ಬೋರ್ಡಿನ ಮೇಲೆ ಮಾವಿನಕಾಯಿ, ಬಿಂದಿಗೆ, ರಾಷ್ಟ್ರಧ್ವಜ ಬರೆಯುತ್ತಾಳೆ, ಮಕ್ಕಳು ನೋಡಿ ಬರೆಯುತ್ತಾರೆ. ಮನೆಯಲ್ಲಿ ಇದ್ದಿಲಿನ ಪೊಟ್ಟಣ ಕಾಣುವುದಿಲ್ಲ. ನಾನು ಬರೆದದ್ದು ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ರಜೆಯಲ್ಲಿ ಕೂತು ಬೇರೆ ಬೇರೆ ದಾರಿ ನೋಡಿದ್ದೇನೆ. ಕ್ಯಾಮೆರಾ ಇಟ್ಟು ಕೈಗಳನ್ನು ಗುರುತಿಸಬಹುದು. ಆಗ ಪೈಪು ನಡೆಯುವುದಿಲ್ಲ. ಆದರೆ ಆಗ ಜನ ಸಾಲಿಗೇ ಬರುವುದಿಲ್ಲ ಎಂಬುದೂ ನನಗೆ ಗೊತ್ತು. ಅದಕ್ಕೆ ಬರೆಯುವ ಸಾಲು ನನ್ನಲ್ಲಿಲ್ಲ.

ಹೋದ ತಿಂಗಳು ಅಕ್ಕ ಡ್ರಾಯಿಂಗ್ ಪರೀಕ್ಷೆಯ ಕೆಲಸಕ್ಕೆ ಹಾಸನಕ್ಕೆ ಬಂದಿದ್ದಳು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ, ಮತ್ತೆ ಏನಾದರೂ ಮಾಡೋಣವಾ, ಬೇರೆ ಏನಾದರೂ, ಎಂದು ಕೇಳಿದೆ.

"ಏನ್ ಮಾಡಿದ್ರೂ ಅಷ್ಟೇ ಕಣೆ," ಅಂದಳು. ಸಿಟ್ಟಿರಲಿಲ್ಲ. "ಗೋಡೆಗೆ ತೂಗಾಕೋ ಚಿತ್ರ ಆದ್ರೆ ಜನ ನೋಡ್ಕಂಡು ಹೋಗ್ತಾರೆ, ಒಳಗೇನ್ ಅಂದ್ಕಂಡ್ರೋ ಗೊತ್ತಾಗಲ್ಲ. ಇದು ಹಂಗಲ್ಲ, ಜನ ಉತ್ತರ ಕೊಡೋ ಕಲೆ ಅಂತ ನಾನೇ ಹೇಳ್ತಿದ್ದೆ. ಕೊಟ್ರಲ್ಲ."

ಕಾಫಿ ಬಂತು, ಕುಡಿದೆವು. ಅಪ್ಪನಿಗೆ ಮಂಡಿ ನೋವು ಹೆಚ್ಚಾಗಿದೆ, ಎಣ್ಣೆ ತೊಗೊಂಡು ಹೋಗಬೇಕು ಅಂದಳು. ಪಕ್ಕದ ಅಂಗಡಿಯಲ್ಲಿ ಎಣ್ಣೆ ತೆಗೆದುಕೊಂಡೆವು. ಹೊಳೆನರಸೀಪುರದ ಬಸ್ಸು ಆಗಲೇ ನಿಂತಿತ್ತು. ಅಕ್ಕ ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಬಸ್ಸು ಹೊರಡುವವರೆಗೂ ತೆರೆಯಲಿಲ್ಲ. ನಾನು ಬಿಸಿಲಿನಲ್ಲಿ ಆಫೀಸಿನ ಕಡೆ ನಡೆದೆ.